ಲಾರಿಗೆ ಎಲ್ಲಿಯ ಸೂತಕ

ನಮ್ಮ ಮುಕ್ತಾ ಕಾಕುವಿನ ಮಾತು ಬಂದಾಗ ಯಾರಾದರೂ 'ಪಾಪ' ಎಂದು ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಗಂಡ ಸತ್ತ ಹೆಂಗಸು ಎಂದರೆ ಪಾಪ ಎನ್ನಲೇಬೇಕೆಂದು ಇವರಿಗೆ ಯಾರು ಹೇಳಿಕೊಟ್ಟರೋ ಕಾಣೆ. ಕಾಕು ಪಾಪದವಳಾಗಿದ್ದರೆ ನಮ್ಮ ಮನೆಯ ಅಡುಗೆಮನೆಯಲ್ಲಿ ಮಡಿಯುಟ್ಟುಕೊಂಡು ಊರವರ ತಿಥಿಗಳಿಗೆ ವಡೆ ಕರಿಯುತ್ತ ಮುದುಕಿಯಾಗುತ್ತಿದ್ದಳು. ಹಾಗಾಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನೇ ಹೇಳುತ್ತೇನೆ.

ಕಾಕು ಎಂದರೆ ನನ್ನ ಅಪ್ಪನ ಅಣ್ಣ ಹಣಮಂತ ಕಾಕಾನ ಹೆಂಡತಿ. ತವರು ಕಮಲಾಪುರ. ಅವಳ ತಂದೆ ಅಲ್ಲಿ ಶಾಲಾ ಮಾಸ್ತರರು. ಆ ಊರಿನ ಬಾಳೆ ತೋಟದವರಲ್ಲಿ ಅರ್ಧಕ್ಕರ್ಧ ಜನ ಅವರ ಕೈಯಲ್ಲಿ ಏಟು ತಿಂದು ಅಕ್ಷರ ಕಲಿತವರು. ಮಗಳು ಮದುವೆಯಾಗಿ ಕಲಬುರಗಿಗೆ ಬಂದು, ಐವಾನ್-ಎ-ಶಾಹಿ ಕಡೆಗಿನ ನಮ್ಮ ಓಣಿಯಲ್ಲಿ, ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆ ಸಂಸಾರ ಹೂಡಿದಳು. ಮಕ್ಕಳಾಗಲಿಲ್ಲ. ಮನೆಯೊಳಗೆ ಮರಾಠಿ, ಓಣಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

ಕಾಕಾ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ನೌಕರಿ ಬಿಟ್ಟು, ನಂದೂರಿನ ದಾಲ್ ಮಿಲ್ಲಿನವರೊಬ್ಬರು ಮೂಲೆಗೆ ನಿಲ್ಲಿಸಿದ್ದ ಮೂತಿ ಉದ್ದದ ಹಳೇ ಲಾರಿಯೊಂದನ್ನು ಕೊಂಡರು. ಬಳಗದಲ್ಲಿ ಗುಲ್ಲೋ ಗುಲ್ಲು. ನಮ್ಮ ಮನೆತನದಲ್ಲಿ ಪಂಚಾಂಗ ಹಿಡಿದವರಿದ್ದಾರೆ, ಪೆನ್ನು ಹಿಡಿದವರಿದ್ದಾರೆ, ಸ್ಟೇರಿಂಗಿನ ಪಕ್ಕದಲ್ಲಿ ಕೂತವರು ಯಾರೂ ಇರಲಿಲ್ಲ. ಕಾಕಾ ಕೂತರು. ಡ್ರೈವರನ ಪಕ್ಕದಲ್ಲಿ ರುಮಾಲು ಸುತ್ತಿಕೊಂಡು, ಕಮಲಾಪುರದಿಂದ ಕೆಂಪು ಬಾಳೆಗೊನೆ ತುಂಬಿಸಿಕೊಂಡು ಬರುವಾಗ ಅವರ ಮುಖದಲ್ಲಿದ್ದ ಸಂತೋಷ ಕಚೇರಿಗೆ ಹೋಗುವಾಗ ಒಂದು ದಿನವೂ ಇದ್ದದ್ದಲ್ಲ. ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಎಂಬತ್ತೇಳರ ಬೇಸಿಗೆಯಲ್ಲಿ ಎದೆನೋವು ಎಂದರು, ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರು.

ಹದಿಮೂರನೆಯ ದಿನ ಮುಗಿಯುವುದನ್ನೇ ಕಾಯುತ್ತಿದ್ದವರಂತೆ ನನ್ನ ಅಪ್ಪ ಜಯತೀರ್ಥರು ತೀರ್ಮಾನ ಹೇಳಿದರು. ಲಾರಿ ಮಾರುವುದು, ಆ ಮನೆಗೆ ಬೀಗ ಹಾಕುವುದು, ವೈನಿ ನಮ್ಮ ಮನೆಗೆ ಬಂದಿರುವುದು. ಅಪ್ಪ ಪೌರೋಹಿತ್ಯದವರು. ಕೆಟ್ಟವರಲ್ಲ. ಅಣ್ಣನ ಹೆಂಡತಿಯನ್ನು ನೋಡಿಕೊಳ್ಳುವುದು ತಮ್ಮ ಧರ್ಮ ಎಂದೇ ನಂಬಿದ್ದರು. ಆದರೆ ಕೆಟ್ಟವರಿಗಿಂತ ಇಂಥ ಒಳ್ಳೆಯವರ ಕೈಯಿಂದ ತಪ್ಪಿಸಿಕೊಳ್ಳುವುದೇ ಕಷ್ಟ.

ಕಾಕು ಒಲ್ಲೆ ಎಂದಳು. "ಲಾರಿ ಓಡ್ತದ, ನಾ ಉಣ್ತೀನಿ" ಎಂದಳು. ಅಷ್ಟೇ.

ಲಾರಿ ಓಡಬೇಕಾದರೆ ಡ್ರೈವರ್ ಬೇಕಲ್ಲ? ಇದ್ದವನು ಹೊಸ ಲಾರಿಯೊಂದು ಸಿಕ್ಕಿತೆಂದು ಹೋಗಿಬಿಟ್ಟಿದ್ದ. ಬಂದು ನೋಡಿದವರು ಲಾರಿಯ ಸುತ್ತ ಒಂದು ಸುತ್ತು ಹಾಕಿ, ಒಳಗೆ ಇಣುಕಿ, ಹೇಳಿ ಕಳಿಸುತ್ತೇವೆ ಎಂದು ಹೋದವರು ಮತ್ತೆ ಬರಲಿಲ್ಲ. ಕಡೆಗೆ ಕಮಲಾಪುರದ ಜಹಾಂಗೀರ್ ಬಂದ. ಮಾಸ್ತರರ ಶಿಷ್ಯನೇ. ಅವನೊಬ್ಬ ಬಾಯಿಬಿಟ್ಟು ನಿಜ ಹೇಳಿದ.

"ಗಾಡಿ ಹಳೇದಿದ್ರ ಇರ್ಲಿರೀ ಬಾಯಾರ, ಇಂಜಿನ್ ಚೊಲೋ ಅದ. ಖರೆ ಟೇಪ್ ಇಲ್ಲ. ಟೇಪ್ ಇಲ್ದ ಗಾಡಿ ಯಾರೂ ಹೊಡಿಯಂಗಿಲ್ಲ."

"ಟೇಪ್ ಇಲ್ಲಂದ್ರ ಗಾಡಿ ಓಡಂಗಿಲ್ಲೇನಪಾ?"

"ಗಾಡಿ ಓಡ್ತದರೀ, ಡ್ರೈವರ್ ಓಡಂಗಿಲ್ಲ. ಹೊಸಾ ಗಾಡಿಯವ್ರು ಭರ್ರಂತ ಮುಂದ ಹೋಗಿಬಿಡ್ತಾರ. ನಾ ಇದ್ರಾಗ ಇರಿವಿ ಹಂಗ ಹೋಗಾಕಬೇಕು. ದಿನಾ ಒಬ್ನೇ ಕುಂತು ಎಷ್ಟಂತ ಇಂಜಿನ್ ಆವಾಜ್ ಕೇಳ್ಲಿ? ದಿಮಾಕ್ ಖರಾಬ್ ಆಗ್ತದ. ಹಮಾಲರೂ ಅಷ್ಟೇರೀ, ಹಾಡು ಇದ್ದ ಗಾಡಿ ಮೊದಲ ತುಂಬ್ತಾರ."

ಕಾಕು ಆ ಕ್ಷಣವೇ ಟೇಪು ಹಾಕಿಸುವುದೆಂದು ನಿಶ್ಚಯಿಸಿದಳು. ಸುದ್ದಿ ನಾಲ್ಕು ಬಾಗಿಲು ದಾಟಿ ನಮ್ಮ ಮನೆಗೆ ಬರಲು ಎಷ್ಟು ಹೊತ್ತು? ಅಪ್ಪ ಶಲ್ಯ ಹೊದ್ದುಕೊಂಡು ಹೊರಟರು. ಕಾಲೇಜಿಗೆ ಹೋಗುತ್ತಿದ್ದ ನಾನು ಪುಸ್ತಕ ಕೈಯಲ್ಲೇ ಹಿಡಿದುಕೊಂಡು ಹಿಂದೆ ಹೋದೆ.

"ವೈನಿ, ಅಣ್ಣ ಹೋಗಿ ಇನ್ನಾ ವರ್ಷ ಆಗಿಲ್ಲ. ಸೂತಕ ಕಳದದ, ಒಪ್ಪತೀನಿ. ಆದ್ರ ವರ್ಷತನಕ ಹಬ್ಬ ಇಲ್ಲ, ಹಾಡಿಲ್ಲ, ವಾದ್ಯ ಇಲ್ಲ. ನಿಮಗ ನಾ ಹೇಳಬೇಕೇನು?"

"ಮನ್ಯಾಗ ಎಲ್ಲಿ ಹಚ್ಚಲಿಕತ್ತೀನಿ ಭಾವಜಿ? ಹಚ್ಚೋದು ಲಾರಿಯಾಗ."

"ಲಾರಿ ಬಾಗಲದ ಮ್ಯಾಲ ಅಣ್ಣನ ಹೆಸರದ. ಅದೂ ಮನೀನೇ."

"ಅಂದ್ರ ಲಾರಿಗೂ ಸೂತಕ ಅನ್ರಿ."

"ಹೂಂ, ಹಂಗಂತನೇ ತಿಳ್ಕೋರಿ."

"ಹಂಗಿದ್ರ ಆ ಹತ್ತು ದಿನದಾಗ ಅದಕ್ಕ ಯಾಕ ಹೇಳಲಿಲ್ಲ? ಮೂರನೇ ದಿನಾನೇ ನೀವು ಪೂಜಿ ಮಾಡಸೋ ಯಜಮಾನರ ಮನೀ ತೊಗರಿ ಹೇರಕೊಂಡು ನಂದೂರಿಗೆ ಹೋಗಿ ಬಂತಲ್ಲ. ನೀವೇ ಕಳಿಸಿದ್ರಿ."

ನನಗೆ ನಗು ತಡೆಯಲಾಗಲಿಲ್ಲ. ಅಪ್ಪನ ಮುಖ ಕೆಂಪಾಯಿತು. ವಾದದಲ್ಲಿ ಸೋತ ಗಂಡಸರು ಮಾಡುವುದನ್ನೇ ಅವರೂ ಮಾಡಿದರು, ದನಿ ಎತ್ತರಿಸಿದರು. "ಟೇಪ್ ಹಚ್ಚಿದ್ರ ಅಣ್ಣನ ವರ್ಷಾಂತಕ್ಕ ನಾ ಕೂಡಂಗಿಲ್ಲ. ಕರ್ತಾ ಇಲ್ದ ಶ್ರಾದ್ಧ ಹೆಂಗ ಮಾಡಸ್ತೀರಿ, ಮಾಡಸ್ರಿ. ಅವತ್ತು ನೀವಾಗೇ ನಮ್ಮ ಮನೀಗೆ ಬರ್ತೀರಿ."

ಮಕ್ಕಳಿಲ್ಲದ ಅಣ್ಣನಿಗೆ ತಮ್ಮನೇ ಕರ್ತೃ. ಅವರು ಕೂರದಿದ್ದರೆ ಪಿಂಡ ಇಡುವವರಿಲ್ಲ ಎಂಬುದು ಅವರ ಲೆಕ್ಕ. ಕಾಕುವಿನ ಮುಖ ಬಿಳಿಚಿಕೊಂಡಿತು. ಗಂಡನ ಮೇಲೆ ಅವಳಿಗಿದ್ದ ಪ್ರೀತಿ ಓಣಿಗೆಲ್ಲ ಗೊತ್ತಿತ್ತು. ಅದನ್ನೇ ಹಿಡಿದು ತಿರುವಿದರಲ್ಲ ಎಂದು ನನಗೆ ಅಪ್ಪನ ಮೇಲೆ ಅಂದು ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಮಾರನೆಯ ದಿನ ಕಾಕು ಜಹಾಂಗೀರನಿಗೆ ಹೇಳಿ ಲಾರಿ ಹೊರಡಿಸಿದಳು. ನನ್ನನ್ನೂ ಹತ್ತಿಸಿಕೊಂಡಳು.

ಸೇಡಂ ರಸ್ತೆಯಲ್ಲಿ ದೇವಿಂದ್ರಪ್ಪ ಎಂಬವನ ಅಂಗಡಿ. ಲಾರಿ, ಜೀಪುಗಳಿಗೆ ಟೇಪು ಕೂಡಿಸುವುದೇ ಅವನ ಕಸುಬು. ಕಾಕು ಅಂಗಡಿಯ ಸ್ಟೂಲು ತರಿಸಿ ಲಾರಿಯ ಬಾಗಿಲಿಗೇ ಹಾಕಿಕೊಂಡು ಕೂತಳು. ದೇವಿಂದ್ರಪ್ಪ ಒಳಗೆಲ್ಲ ಅಳತೆ ನೋಡಿದ. ಹಳೇ ಗಾಡಿ, ಟೇಪು ಕೂಡಿಸಲು ಜಾಗವೇ ಬಿಟ್ಟಿರಲಿಲ್ಲ. ಸ್ಟೇರಿಂಗಿನ ಎಡಕ್ಕೆ ಒಂದು ಪುಟ್ಟ ಖಾನೆಯಿತ್ತು. ಕಾಕಾ ತಮ್ಮ ಕನ್ನಡಕ ಇಡುತ್ತಿದ್ದ ಜಾಗ. ಅಲ್ಲೇ ಕೊಯ್ಯಬೇಕು ಎಂದ. ಕಾಕು ಎದ್ದು ಹೋಗಿ ಖಾನೆಯೊಳಗೆ ಒಮ್ಮೆ ಕೈಯಾಡಿಸಿದಳು. ಸೆರಗಿನಿಂದ ಧೂಳು ಒರೆಸಿದಳು.

"ಕೊಯ್ಯಿರಿ" ಎಂದಳು.

ಗರಗಸ ತಗಡಿಗೆ ಬಿದ್ದಾಗ ನನ್ನ ಹಲ್ಲು ಜುಮ್ಮೆಂದಿತು. ಕಾಕುವಿನ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ. ಟೇಪು ಕೂತಿತು. ಸೀಟಿನ ಹಿಂದೆ ಪ್ಲೈವುಡ್ ಡಬ್ಬಿಯಲ್ಲಿ ಎರಡು ಸ್ಪೀಕರು ಕೂತವು. ಆ ಲಾರಿಗೆ ಎರಡು ಬ್ಯಾಟರಿ. ಇಂಜಿನ್ ತಿರುಗಬೇಕಾದರೆ ಎರಡರ ಶಕ್ತಿಯೂ ಬೇಕು, ಟೇಪಿಗೆ ಎರಡರದ್ದೂ ಕೊಟ್ಟರೆ ಸುಟ್ಟೇ ಹೋಗುತ್ತದೆ. ಅದಕ್ಕೆ ಒಂದರಿಂದ ಮಾತ್ರ ತಂತಿ ಎಳೆದ. ಇಂಜಿನ್ ನಿಂತಾಗ ಬಹಳ ಹೊತ್ತು ಹಚ್ಚಬ್ಯಾಡ್ರಿ ಎಂದು ಜಹಾಂಗೀರನಿಗೆ ತಿಳಿಸಿಹೇಳಿದ. ಆಮೇಲೆ ಗಾಡಿಗೇ ಇರಲಿ ಎಂದು ತನ್ನ ಅಂಗಡಿಯದೇ ಒಂದು ಸಿನಿಮಾ ಹಾಡಿನ ಕ್ಯಾಸೆಟ್ಟು ತುರುಕಿದ.

ಹಾಡು ರಸ್ತೆಗೆಲ್ಲ ಕೇಳಿತು. ಆಚೆ ಬದಿಯಲ್ಲಿ ಮಠದಿಂದ ಬರುತ್ತಿದ್ದ ನಮ್ಮವರೇ ಇಬ್ಬರು ಹೆಂಗಸರು ನಿಂತುಬಿಟ್ಟರು. ಕುಂಕುಮವಿಲ್ಲದ ಹಣೆಯ ಹೆಂಗಸೊಬ್ಬಳು ಲಾರಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಸಿನಿಮಾ ಹಾಡು ಕೇಳುವುದನ್ನು ಅವರು ಕಣ್ಣು ಪಿಳುಕಿಸದೆ ನೋಡಿದರು. ದೇವಿಂದ್ರಪ್ಪ ಸೂಕ್ಷ್ಮ ಮನುಷ್ಯ, ದನಿ ಇಳಿಸಿದ.

"ಯಾಕ ಇಳಿಸಿದ್ರಿ? ಏರಸ್ರಿ. ಹಂಗ ಸಣ್ಣಗ ಹಚ್ಚಿದ್ರ ಏನೋ ಕಳವು ಮಾಡಿದಂಗ ಅನಸ್ತದ" ಎಂದಳು ಕಾಕು.

ಲಾರಿ ಓಣಿಗೆ ಮರಳುವಷ್ಟರಲ್ಲಿ ಸುದ್ದಿ ಮೊದಲೇ ಬಂದು ಕೂತಿತ್ತು. ಯಾರೂ ಮಾತಾಡಿಸಲಿಲ್ಲ. ಜಹಾಂಗೀರ್ ಬೀಗದ ಕೈ ಕೊಟ್ಟು ಹೋದ. ಮರುದಿನ ಬೆಳಿಗ್ಗೆ ಕಮಲಾಪುರದಲ್ಲಿ ಬಾಳೆಗೊನೆ ಕಡಿದು ಇಟ್ಟಿರುತ್ತಾರೆ, ಅದು ಮೊದಲ ಲೋಡು. ಹೊತ್ತಿಗೆ ಹೋಗದಿದ್ದರೆ ಬೇರೆ ಲಾರಿ ತುಂಬಿಕೊಂಡು ಹೋಗುತ್ತದೆ, ಆಮೇಲೆ ಈ ಲಾರಿಯನ್ನು ಯಾರೂ ಕರೆಯುವುದಿಲ್ಲ.

ಬೆಳಿಗ್ಗೆ ಲಾರಿ ಚಾಲೂ ಆಗಲಿಲ್ಲ. ಜಹಾಂಗೀರ್ ಎಷ್ಟು ಸಲ ಬೀಗದ ಕೈ ತಿರುವಿದರೂ ಕಟಕಟ ಅಂದು ಸುಮ್ಮನಾಗುತ್ತಿತ್ತು. ಓಣಿಯವರೆಲ್ಲ ಕಟ್ಟೆಗಳ ಮೇಲೆ ಬಂದು ನಿಂತರು. ಸಂಧ್ಯಾವಂದನೆ ಮುಗಿಸಿದ ಅಪ್ಪ ಬಂದರು. ಅವರ ಮುಖದಲ್ಲಿ ದುಃಖವೂ ಇತ್ತು, ಗೆದ್ದ ಕಳೆಯೂ ಇತ್ತು.

"ನೋಡ್ರಿ ವೈನಿ. ಅಣ್ಣಗ ಮನಸ್ಸಿಲ್ಲ. ಅವನೇ ಒಲ್ಲೆ ಅನ್ಲಿಕತ್ತಾನ."

ಕಟ್ಟೆಗಳ ಮೇಲಿನವರು ಹೌದು ಹೌದು ಎಂದು ತಲೆಯಾಡಿಸಿದರು. ಜಹಾಂಗೀರ್ ಇಳಿದು ಬ್ಯಾಟರಿ ಪೆಟ್ಟಿಗೆ ತೆರೆದು ನೋಡಿದ. "ಒಂದು ಬ್ಯಾಟರಿ ಪೂರಾ ಇಳದದರೀ. ಇನ್ನೊಂದು ಸರಿ ಅದ. ಟೇಪ್ ಯಾರರೆ ಬಹಳ ಹೊತ್ತು ಹಚ್ಚಿದ್ರೇನು?"

ಕಾಕು ದೇವಿಂದ್ರಪ್ಪನ ಮೇಲೆ ಹಾಕಬಹುದಿತ್ತು. ತಂತಿ ಸರಿಯಾಗಿ ಕೂಡಿಸಿಲ್ಲ ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು: "ನಾ ಹಚ್ಚಿದ್ದೆ. ನಿನ್ನೆ ನೀ ಹೋದ ಮ್ಯಾಲ ಒಳಗ ಹತ್ತಿ ಕೂತೆ. ಕ್ಯಾಸೆಟ್ ಎರಡೂ ಕಡೆ ಮುಗಿಯೋತನಕ ಕೇಳಿದೆ. ಮತ್ತ ತಿರುವಿ ಹಾಕಿ ಕೇಳಿದೆ."

"ಡ್ರೈವರಗೋಸ್ಕರ ಅಂದಿದ್ರಿ?" ಎಂದರು ಅಪ್ಪ.

"ಹಾಕಿಸಿದ್ದು ಡ್ರೈವರಗೋಸ್ಕರ. ಕೇಳಿದ್ದು ನನಗೋಸ್ಕರ." ಕಾಕು ಕಟ್ಟೆಗಳ ಮೇಲಿನವರ ಕಡೆಗೂ ತಿರುಗಿದಳು. "ಅವರು ಹೋದಾಗಿಂದ ಮನ್ಯಾಗ ಒಂದು ದನಿ ಇಲ್ಲ ಭಾವಜಿ. ನೀವೆಲ್ಲ ಬರ್ತೀರಿ, ಪಾಪ ಅಂತೀರಿ, ಹೋಗ್ತೀರಿ. ನನಗ ಪಾಪ ಅನ್ನದ ದನಿ ಬೇಕಾಗಿತ್ತು, ಕೇಳಿದೆ. ಮತ್ತ ನಿಮ್ಮಣ್ಣ ಸಿಟ್ಟಾಗಿದ್ರ ಎರಡೂ ಬ್ಯಾಟರಿ ಇಳಸ್ತಿದ್ರು. ಅವರದು ಅರ್ಧಾ ಕೆಲಸದ ಸ್ವಭಾವ ಅಲ್ಲ."

ಲಾರಿಯನ್ನು ದೂಡಿದರೆ ಚಾಲೂ ಆಗುತ್ತದೆ, ಓಣಿ ಇಳಿಜಾರೇ ಇದೆ ಎಂದ ಜಹಾಂಗೀರ್. ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಹೋಗಿ ಕೈಯಿಟ್ಟಳು. ಗಂಡಸರೊಬ್ಬರೂ ಕಟ್ಟೆ ಇಳಿಯಲಿಲ್ಲ. ಅಪ್ಪನನ್ನು ಎದುರು ಹಾಕಿಕೊಂಡರೆ ನಾಳೆ ಮುಹೂರ್ತ ಇಟ್ಟುಕೊಡುವವರು ಯಾರು? ನಾನು ಓಡಿಹೋಗಿ ಕಾಕುವಿನ ಪಕ್ಕದಲ್ಲಿ ನಿಂತೆ. ಎರಡು ಜೊತೆ ಕೈಗೆ ಲಾರಿ ಅಲುಗಾಡುತ್ತದೆಯೇ?

ಆಗ ನಮ್ಮ ಮನೆಯಿಂದ ನನ್ನ ಅವ್ವ ಲಲಿತಾಬಾಯಿ ಹೊರಬಂದಳು. ಅಪ್ಪನ ಎದುರು ಒಂದು ದಿನವೂ ತಲೆಯೆತ್ತಿ ಮಾತಾಡಿದವಳಲ್ಲ. ಆಗತಾನೇ ನೈವೇದ್ಯದ ಅಡುಗೆಗೆ ನಿಂತಿದ್ದವಳು, ಮಡಿಸೀರೆಯಲ್ಲೇ ಇದ್ದಳು. ಆ ಸೀರೆಯಲ್ಲಿ ಅವಳು ಮಕ್ಕಳಾದ ನಮ್ಮನ್ನೂ ಮುಟ್ಟುತ್ತಿರಲಿಲ್ಲ. ಸೀದಾ ಬಂದು ಧೂಳು ಎಣ್ಣೆ ಮೆತ್ತಿದ ಆ ಲಾರಿಗೆ ಎರಡೂ ಕೈ ಒತ್ತಿ ನಿಂತಳು. "ದೂಡ್ರಿ ವೈನಿ" ಎಂದಳು.

ಮಡಿಯುಟ್ಟ ಲಲಿತಾಬಾಯಿಯೇ ಮುಟ್ಟಿದ ಮೇಲೆ ಮಿಕ್ಕವರಿಗೇನು? ಒಂದೊಂದೇ ಬಾಗಿಲಿಂದ ಹೆಂಗಸರು ಬಂದರು. ಬೀದಿಯ ತುದಿಯಲ್ಲಿದ್ದ ಆಟೋದವರೂ ಕೈ ಹಚ್ಚಿದರು. ಲಾರಿ ಮೊದಲು ನರಳಿತು, ಮೆಲ್ಲಗೆ ಉರುಳಿತು, ಇಳಿಜಾರಿನ ಅರ್ಧದಲ್ಲಿ ಢಬ್ಬೆಂದು ಹೊಗೆ ಬಿಟ್ಟು ಗುಡುಗತೊಡಗಿತು. ಟೇಪಿನ ಗುಂಡಿ ಬಂದ್ ಮಾಡಲು ಕಾಕು ಮರೆತಿದ್ದಳೋ ಏನೋ, ಹಾಡೂ ಜೊತೆಗೇ ಎದ್ದಿತು. ಕಾಕು ಓಡಿಹೋಗಿ ಗಂಡ ಕೂರುತ್ತಿದ್ದ ಸೀಟಿಗೆ ಹತ್ತಿ ಕೂತಳು. ಕಮಲಾಪುರಕ್ಕೆ ಹೊತ್ತಿಗೆ ಮುಟ್ಟಿದಳು. ಹಮಾಲರು ಅವಳ ಲಾರಿಯನ್ನೇ ಮೊದಲು ತುಂಬಿದರು.

ಅವ್ವ ಮತ್ತೊಮ್ಮೆ ಸ್ನಾನ ಮಾಡಿ ಅಡುಗೆ ಮಾಡಿದಳು. ಅಪ್ಪ ಅಂದು ಅವಳೊಂದಿಗೆ ಮಾತಾಡಲಿಲ್ಲ. ಅವಳೂ ಮಾತಾಡಿಸಲಿಲ್ಲ.

ಆ ವರ್ಷವಿಡೀ ಲಾರಿ ಓಡಿತು. ವರ್ಷಾಂತ ಹತ್ತಿರ ಬಂತು. ಅಪ್ಪ ಆಡಿದ ಮಾತಿನಿಂದ ಹಿಂದೆ ಸರಿಯಲಿಲ್ಲ, ಆದರೆ ಕಾಯುತ್ತಿದ್ದರು. ಕಾಕು ಬಂದು ಕೈಮುಗಿಯುತ್ತಾಳೆ, ಆಗ ಹೋದರಾಯಿತು ಎಂದುಕೊಂಡಿದ್ದರು. ಆ ದಿನ ಬೆಳಗಿನಿಂದ ಮಡಿಯುಟ್ಟು, ದರ್ಭೆ ಎಳ್ಳು ಎಲ್ಲ ಸಿದ್ಧ ಮಾಡಿಕೊಂಡು, ಪಡಸಾಲೆಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಯಾರೂ ಬರಲಿಲ್ಲ. ಬಿಸಿಲೇರಿದಾಗ ನನ್ನನ್ನು ಕರೆದು, "ನಿಮ್ಮವ್ವ ಎಲ್ಲಿ?" ಎಂದರು.

"ಕಾಕುನ ಮನ್ಯಾಗ ಅಡಿಗಿ ಮಾಡ್ಲಿಕತ್ತಾಳ."

"ಯಾರು ಕೂತಾರ?"

"ಕಾಕುನೇ. ದರ್ಭೆ ಹಿಡದು ಮಠದ ನರಸಿಂಹಾಚಾರ್ಯರ ಕೈಗೆ ಕೊಟ್ಟಾಳ. ಅವಳ ಪರವಾಗಿ ಅವರು ಮಾಡ್ಲಿಕತ್ತಾರ. ಗಂಡನ ಶ್ರಾದ್ಧಕ್ಕ ಹೆಂಡತಿಗೆ ಅಧಿಕಾರ ಅದ ಅಂತ ಅವರೇ ಹೇಳಿದ್ರು."

ಅದು ಅಪ್ಪನಿಗೂ ಗೊತ್ತಿದ್ದ ಶಾಸ್ತ್ರವೇ. ಕಾಕುವಿಗೆ ಗೊತ್ತಿರಲಿಕ್ಕಿಲ್ಲ ಎಂದು ನೆಚ್ಚಿಕೊಂಡಿದ್ದರು, ಅಷ್ಟೇ. ಮಧ್ಯಾಹ್ನ ತಿರುಗುವವರೆಗೆ ಆ ದರ್ಭೆ ಎಳ್ಳಿನ ಮುಂದೆಯೇ ಕೂತಿದ್ದರು. ಆಮೇಲೆ ಎದ್ದು, ಚಪ್ಪಲಿಯಿಲ್ಲದ ಕಾಲಲ್ಲಿ ಬಿಸಿಲಿಗಿಳಿದು ನಡೆದರು. ನಾನು ಹಿಂದೆಯೇ ಹೋದೆ. ಅಲ್ಲಿ ಪಿಂಡದಾನ ಮುಗಿದಿತ್ತು, ಬ್ರಾಹ್ಮಣರ ಊಟವೂ ಆಗಿತ್ತು. ಮನೆಯವರಿಗೆ ಎಲೆ ಹಾಕುತ್ತಿದ್ದರು. ಅಪ್ಪ ಹೊಸ್ತಿಲಲ್ಲೇ ನಿಂತರು. ಅವರ ಕಣ್ಣು ತುಂಬಿತ್ತು. ಅಣ್ಣನನ್ನು ಅವರೂ ಕಳೆದುಕೊಂಡಿದ್ದರಲ್ಲ.

ಕಾಕು ತಲೆಯೆತ್ತಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ.

"ಬಂದ್ರ್ಯಾ ಭಾವಜಿ? ಬರ್ರಿ, ಕೂಡ್ರಿ. ಕರ್ತಾನ ಜಾಗದಾಗ ಅಲ್ಲ, ಊಟಕ್ಕ."

ಅಪ್ಪ ಒಳಗೆ ಬಂದು ಎಲೆಯ ಮುಂದೆ ಕೂತರು. ಕಾಕು ತಾನೇ ನಿಂತು ಬಡಿಸಿದಳು.