ಕೋರ್ಟು ಏಳುವವರೆಗೆ

ಆ ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ. ಈಗಲೂ ಬಸ್ಸಿನಲ್ಲಿ ಕೂತಾಗ, ಪಾತ್ರೆ ತೊಳೆಯುವಾಗ, ಆ ಮಧ್ಯಾಹ್ನ ಮತ್ತೆ ಮೊದಲಿನಿಂದ ನಡೆಯುತ್ತದೆ. ಪ್ರತಿ ಸಲವೂ ಕಾಗದ ಖಾಲಿ. ಪ್ರತಿ ಸಲವೂ ನಾನು ಸಹಿ ಹಾಕುತ್ತೇನೆ.

ಇರಾಕಿನ ಮೇಲೆ ಬಾಂಬು ಬೀಳತೊಡಗಿದ್ದ ದಿನಗಳು ಅವು. ನಾನು ದೆಹಲಿಯ ಓಲ್ಡ್ ರಾಜಿಂದರ್ ನಗರದ ಪಿ.ಜಿ.ಯೊಂದರಲ್ಲಿದ್ದು ಸಿವಿಲ್ ಸರ್ವೀಸ್ ಪರೀಕ್ಷೆಗೆ ಓದುತ್ತಿದ್ದೆ. ಯುದ್ಧದ ಮೇಲೆ ಪ್ರಬಂಧ ಬರಬಹುದು ಎಂದು ಕೋಚಿಂಗಿನಲ್ಲಿ ಹೇಳಿದ್ದರು. ಮೆರವಣಿಗೆಯೊಂದು ವಿದೇಶಿ ರಾಯಭಾರ ಕಚೇರಿಯ ಕಡೆ ಹೊರಟಿದೆ ಎಂದು ಗೊತ್ತಾಗಿ ನೋಡಲು ಹೋದೆ. ಸೇರಲು ಅಲ್ಲ, ನೋಡಲು. ಕೈಯಲ್ಲಿ ನೋಟ್‌ಬುಕ್ ಬೇರೆ.

ಎಲ್ಲಿಂದಲೋ ಮೂರು ನಾಲ್ಕು ಕಲ್ಲು ಹಾರಿ ಬಂದವು. ಯಾರು ಎಸೆದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ನೀರಿನ ಫಿರಂಗಿ, ಆಮೇಲೆ ಲಾಠಿ. ಓಡುವವರ ನಡುವೆ ಸಿಕ್ಕಿ ಬ್ಯಾರಿಕೇಡಿಗೆ ಒತ್ತಿಹೋದೆ. ಪಕ್ಕದ ಬ್ಯಾರಿಕೇಡು ಉರುಳಿ ಒಬ್ಬನ ಪಾದದ ಮೇಲೆ ಬಿತ್ತು. ಅವನು ಕೂಗಲಿಲ್ಲ, ಬಾಯಿ ಮಾತ್ರ ತೆರೆದ. ಅಷ್ಟರಲ್ಲಿ ಮಹಿಳಾ ಪೊಲೀಸೊಬ್ಬರು ನನ್ನ ತೋಳು ಹಿಡಿದು ಜೀಪಿನ ಕಡೆ ಎಳೆದುಕೊಂಡು ಹೊರಟರು. ಮುಗಿಯಿತು, ನನ್ನನ್ನೂ ಒಳಗೆ ಹಾಕುತ್ತಾರೆ ಎಂದುಕೊಂಡೆ.

ಅವರಿಗೆ ಬೇಕಾಗಿದ್ದುದು ಪಂಚನಾಮೆಗೆ ಸಾಕ್ಷಿಯಾಗಿ ಸಹಿ ಹಾಕಲು ಒಬ್ಬಳು ಹೆಂಗಸು. ಫುಟ್‌ಪಾತಿನ ಮೇಲೆ ಐವತ್ತರ ಆಸುಪಾಸಿನ ಮಹಿಳೆಯೊಬ್ಬರು ನೆನೆದ ಕಾಟನ್ ಸೀರೆಯಲ್ಲಿ ಕೂತಿದ್ದರು. ಅವರ ಚೀಲವನ್ನು ನನ್ನ ಮುಂದೆಯೇ ಬೋರಲು ಹಾಕಿದರು. ಸ್ಟೀಲಿನ ಟಿಫನ್ ಡಬ್ಬಿ, ಕನ್ನಡಕದ ಪೆಟ್ಟಿಗೆ, ಬಸ್ ಪಾಸು, ಉಣ್ಣೆಯ ಉಂಡೆ, ಅರ್ಧ ಹೆಣೆದ ಬೂದು ಸ್ವೆಟರು. ಕಾನ್‌ಸ್ಟೇಬಲ್ ಒಬ್ಬ ಹೆಣಿಗೆ ಕಡ್ಡಿಗಳನ್ನೆತ್ತಿ, "ಸಾಬ್, ಹಥಿಯಾರ್ ಮಿಲ್ ಗಯಾ!" ಎಂದು ಆಯುಧ ಸಿಕ್ಕವನಂತೆ ನಕ್ಕ. ನನ್ನ ಬಾಯಿಂದ ತಾನಾಗಿಯೇ "ಅಯ್ಯೋ ದೇವ್ರೇ" ಎಂದು ಬಂತು.

ಆಕೆ ತಟ್ಟನೆ ತಲೆಯೆತ್ತಿದರು. "ಕನ್ನಡದೋಳಾ?"

ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಖಾಲಿ ಹಾಳೆಯೂ ಪೆನ್ನೂ ನನ್ನ ಕೈಗೆ ಬಂದಿದ್ದವು.

"ಖಾಲಿ ಕಾಗದಕ್ಕೆ ಸಹಿ ಹಾಕ್ಬೇಡಮ್ಮಾ. ಅವರು ಬರೀಲಿ, ನೀನು ಓದು, ಆಮೇಲೆ ಹಾಕು."

ಅವರ ಕೂದಲಿನಿಂದ ನೀರು ಇಳಿಯುತ್ತಿತ್ತು. ತಮ್ಮನ್ನು ಹಿಡಿದಿದ್ದಾರೆ ಎಂಬುದಕ್ಕಿಂತ ನಾನು ಓದದೆ ಸಹಿ ಹಾಕುತ್ತೇನೆಂಬುದೇ ಅವರಿಗೆ ದೊಡ್ಡ ಚಿಂತೆಯಾದಂತೆ ಕಂಡಿತು. ನಾನು ಸಹಿ ಹಾಕಿದೆ. ತೋಳು ಬಿಟ್ಟರು. ಹಿಂತಿರುಗಿ ನೋಡದೆ ನಡೆದೆ.

ಎರಡು ವರ್ಷದ ಮೇಲೆ ಸಮನ್ಸು ಬಂತು. ತಂದಿದ್ದ ಹೆಡ್ ಕಾನ್‌ಸ್ಟೇಬಲ್ ಪಿ.ಜಿ.ಯ ಮೆಟ್ಟಿಲ ಮೇಲೇ ಪಂಚನಾಮೆಯ ನಕಲು ತೋರಿಸಿದ. ಆ ಚೀಲದಲ್ಲಿ ಕಲ್ಲುಗಳು ಸಿಕ್ಕವು ಎಂದಿತ್ತು. ಕೆಳಗೆ ನನ್ನ ಸಹಿ.

"ಬೇಟಾ, ಹಾಂ ಬೋಲ್ ದೇನಾ, ಬಸ್," ಎಂದ. ಹೌದು ಎಂದುಬಿಟ್ಟರೆ ಸಾಕಂತೆ. ಕೋಣೆಯೊಳಗಿನ ಪುಸ್ತಕದ ರಾಶಿ ಅವನ ಕಣ್ಣಿಗೆ ಬಿತ್ತು. "ಅಫ್ಸರ್ ಬನೋಗೀ? ಅಚ್ಛಾ ಹೈ. ವೆರಿಫಿಕೇಶನ್ ತೋ ಹಮ್ ಹೀ ಕರ್ತೇ ಹೈಂ." ದನಿಯಲ್ಲಿ ಗದರಿಕೆಯಿರಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು. ಕೆಲಸಕ್ಕೆ ಆಯ್ಕೆಯಾದವರ ನಡತೆಯ ಬಗ್ಗೆ ವರದಿ ಕೊಡುವವರು ಪೊಲೀಸರೇ ಎಂಬುದು ನಮ್ಮ ಓಣಿಯ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಸಾಕ್ಷಿಯ ದಿನ ಕೋರ್ಟಿನ ಕಾರಿಡಾರಿನಲ್ಲಿ ಆ ಮಹಿಳೆಯ ದನಿ ಮೊದಲು ಕೇಳಿತು. ಅವರ ವಕೀಲರು ಹಿಂದಿಯಲ್ಲಿ ಗೋಗರೆಯುತ್ತಿದ್ದರು. "ಮೇಡಮ್‌ಜೀ, ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಿದ್ದೆ ಅನ್ನಿ. ಒಂದು ಮಾತು, ಅಷ್ಟೇ. ನಿಮ್ಮ ಜೊತೆ ಸಿಕ್ಕಿಬಿದ್ದ ಹುಡುಗರು ನಾಲ್ವರೂ ಬಸ್ಸಿಗೆ ಕಾಯುತ್ತಿದ್ದೆವು ಅನ್ನುತ್ತಾರೆ."

"ಹೇಗೆ ಅನ್ನಲಿ? ರಜಾ ಅರ್ಜಿಯಲ್ಲಿ ಬರೆದುಬಿಟ್ಟಿದ್ದೀನಲ್ಲ."

ಆಕೆ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆ. ಅರ್ಧ ದಿನದ ರಜೆಗೆ ಕಾರಣದ ಜಾಗದಲ್ಲಿ 'ಯುದ್ಧ ವಿರೋಧಿ ಮೆರವಣಿಗೆಯಲ್ಲಿ ಭಾಗವಹಿಸಲು' ಎಂದು ಬರೆದುಕೊಟ್ಟಿದ್ದರು. ಅವರ ಸೆಕ್ಷನ್ನಿನಲ್ಲಿ ಎಲ್ಲರೂ 'ಮನೆಯಲ್ಲಿ ತುರ್ತು ಕೆಲಸ' ಎನ್ನುವವರೇ. ತಾಯಿ ತೀರಿಹೋಗಿ ಹತ್ತು ವರ್ಷವಾದವರೂ ತಾಯಿಗೆ ಹುಷಾರಿಲ್ಲ ಎನ್ನುತ್ತಾರಂತೆ. ಆ ಅರ್ಜಿಯನ್ನೇ ಕಚೇರಿಯವರು ಪೊಲೀಸರ ಕೈಗಿತ್ತಿದ್ದರು. ಅಂದಿನಿಂದ ಆಕೆ ಅಮಾನತಿನಲ್ಲಿದ್ದರು. ಕಲ್ಲೆಸೆದದ್ದು ರುಜುವಾತಾದರೆ ಇಪ್ಪತ್ತಾರು ವರ್ಷದ ನೌಕರಿ ಹೋಗುತ್ತದೆ. ಗಂಡನಿಲ್ಲದ ಮನೆ, ಬರುತ್ತಿದ್ದುದು ಅದೊಂದೇ ಸಂಬಳ.

ನನ್ನನ್ನು ಕಂಡು ಗುರುತು ಹಿಡಿದರು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ.

"ಬಾರಮ್ಮಾ, ಕೂತ್ಕೋ. ಎಷ್ಟು ಹೊತ್ತು ಕಾಯಿಸ್ತಾರೋ ಏನೋ. ಕಾಫಿ ಆಯ್ತಾ?"

"ಮೇಡಮ್, ಅವತ್ತು ನಾನು..."

"ಕೇಸಿನ ಮಾತು ಬೇಡ. ನೀನು ಅವರ ಕಡೆ ಸಾಕ್ಷಿ. ಮಾತಾಡಬಾರದು." ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಸುರಿದು ಕೊಟ್ಟರು. "ಕುಡಿ. ಪುಡಿ ಕರೋಲ್ ಬಾಗಿಂದು. ಚಿಕೋರಿ ಕಮ್ಮಿ ಹಾಕಪ್ಪಾ ಅಂದ್ರೆ ಆ ಭಯ್ಯಾಗೆ ಅರ್ಥಾನೇ ಆಗಲ್ಲ."

ದೆಹಲಿಯಲ್ಲಿ ಇಬ್ಬರು ಕನ್ನಡದವರು ಎದುರಾದರೆ ಊರು ಯಾವುದು, ಕಾಫಿ ಆಯ್ತಾ ಎಂದು ಕೇಳದೆ ಇರುವುದಿಲ್ಲ. ನಾನೂ ಯೋಚಿಸದೆ ಕುಡಿದೆ. ಎದುರಿನ ಗೋಡೆಗೊರಗಿ ಹೆಡ್ ಕಾನ್‌ಸ್ಟೇಬಲ್ ನೋಡುತ್ತಿದ್ದುದು ನನ್ನ ಗಮನಕ್ಕೆ ಬರಲಿಲ್ಲ.

ನಾನು ಕಟಕಟೆ ಹತ್ತಿದಾಗ ಸರ್ಕಾರಿ ವಕೀಲರು ಪಂಚನಾಮೆ ಹಿಡಿದು ಕೇಳಿದರು. "ಸಹಿ ನಿಮ್ಮದೇ?"

"ನನ್ನದೇ."

"ನಿಮ್ಮೆದುರು ಕಲ್ಲುಗಳು ಸಿಕ್ಕವು?"

ಕೋಣೆಯಿಂದ ಹೊರಡುವಾಗ 'ಹೌದು' ಎಂದುಬಿಡಬೇಕೆಂದೇ ಬಂದಿದ್ದೆ, ಮುಚ್ಚಿಡುವುದೇಕೆ. ಆದರೆ ಆ ಬೂದು ಸ್ವೆಟರು ಕಣ್ಣಿಗೆ ಬಂತು. "ಇಲ್ಲ," ಎಂದೆ. ಚೀಲದಲ್ಲಿದ್ದುದನ್ನೆಲ್ಲ ಹೇಳಿದೆ. ಸಹಿ ಹಾಕುವಾಗ ಕಾಗದ ಖಾಲಿಯಿತ್ತು ಎಂದೂ ಹೇಳಿದೆ.

"ಪದವೀಧರೆ, ನಾಳೆ ಅಧಿಕಾರಿಯಾಗುವವರು, ಖಾಲಿ ಕಾಗದಕ್ಕೆ ಸಹಿ ಹಾಕಿದಿರಾ?"

"ಹೌದು. ಹಾಕಬೇಡ ಅಂತ ಆ ಮೇಡಮ್ ಹೇಳಿದರು. ನನಗೆ ಹೆದರಿಕೆಯಾಗಿತ್ತು, ಹಾಕಿದೆ."

"ಯಾವ ಭಾಷೆಯಲ್ಲಿ ಹೇಳಿದರು?"

"ಕನ್ನಡದಲ್ಲಿ."

ಅವರಿಗೆ ಬೇಕಾಗಿದ್ದುದು ಸಿಕ್ಕಿತ್ತು. "ಓ, ಒಂದೇ ಊರಿನ ಕಡೆಯವರು! ಇವತ್ತು ಬೆಳಿಗ್ಗೆ ಆರೋಪಿಯ ಫ್ಲಾಸ್ಕಿನಿಂದ ಕಾಫಿ ಕುಡಿದದ್ದು ಸುಳ್ಳೇ?"

ಕೋರ್ಟಿನಲ್ಲಿ ಕಿಸಕ್ಕನೆ ನಗೆ. ನಾನು ಒಪ್ಪಿಕೊಂಡೆ. "ಕುಡಿದೆ."

ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿಂದ ನೋಡಿದರು. "ಏನು ಮಾತಾಡಿದಿರಿ?"

"ಕಾಫಿ ಪುಡಿಯ ವಿಷಯ, ಸರ್. ಕೇಸಿನ ಮಾತು ಬೇಡ ಅಂತ ಅವರೇ ತಡೆದರು."

ಮತ್ತೆ ನಗೆ. ಯಾರು ನಂಬುತ್ತಾರೆ? ನಾನು ಪ್ರತಿಕೂಲ ಸಾಕ್ಷಿಯೆಂದು ಬರೆಸಲಾಯಿತು. ಒಮ್ಮೆ ಸಹಿ ಹಾಕಿ, ಇನ್ನೊಮ್ಮೆ ಕಾಫಿ ಕುಡಿದು, ಆಕೆಯ ನೌಕರಿಯನ್ನು ಎರಡೆರಡು ಸಲ ನಾನೇ ಕಳೆದೆ ಎನಿಸಿತು. ಹೊರಗೆ ಬಂದಾಗ ಆಕೆ ನನ್ನ ಭುಜದ ಮೇಲೆ ಕೈಯಿಟ್ಟು ತೆಗೆದರು.

ಆರೋಪಿಗಳ ಹೇಳಿಕೆ ಪಡೆಯುವ ದಿನ ನನ್ನನ್ನು ಯಾರೂ ಕರೆದಿರಲಿಲ್ಲ. ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಆಕೆಯೇ ಮೊದಲನೆಯ ಆರೋಪಿ. ಅಲ್ಲಿದ್ದಿರಾ? ಇದ್ದೆ. ನಿಷೇಧಾಜ್ಞೆ ಇರುವುದು ಗೊತ್ತಿತ್ತೆ? ಮೈಕಿನಲ್ಲಿ ಕೂಗಿದರು, ಕೇಳಿಸಿತು. ಆದರೂ ಎದ್ದು ಹೋಗಲಿಲ್ಲವೇಕೆ? "ಅಲ್ಲಿ ಮಕ್ಕಳ ಮೇಲೆ ಬಾಂಬು ಬೀಳ್ತಾ ಇತ್ತು ಸರ್. ರಸ್ತೇಲಿ ಅರ್ಧ ಗಂಟೆ ಕೂತ್ಕೊಳ್ಳೋದು ನನ್ನ ಕೈಲಾಗ್ತಿತ್ತು, ಕೂತೆ," ಎಂದರು, ಕನ್ನಡದ ರಾಗ ಬಿಡದ ಹಿಂದಿಯಲ್ಲಿ. ಕಲ್ಲು? "ಇಲ್ಲ. ಕಲ್ಲು ನನ್ನ ಹತ್ತಿರ ಇರಲಿಲ್ಲ." ಆಕೆಯ ವಕೀಲರು ಕಣ್ಣು ಮುಚ್ಚಿಕೊಂಡರು.

ಆಮೇಲೆ ಹುಡುಗರ ಸರದಿ. ಮೊದಲನೆಯವನು ಆ ಹೊತ್ತಿಗೆ ಕೆಲಸಕ್ಕೆ ಸೇರಿದ್ದ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಬಸ್ಸಿಗೆ ಕಾಯುತ್ತಿದ್ದೆ ಎನ್ನಬೇಕಾದವನು ಆಕೆಯ ಕಡೆ ಒಮ್ಮೆ ನೋಡಿ, "ಮೈಂ ಭೀ ಥಾ, ಸರ್," ಎಂದ. ನಾನೂ ಇದ್ದೆ. ಉಳಿದ ಮೂವರೂ ಹಾಗೇ ಎಂದರು. ಪರೀಕ್ಷೆಗೆಂದು ಧೈರ್ಯ, ನಿಷ್ಠೆ ಎಂಬ ಮಾತುಗಳ ಮೇಲೆ ಪುಟಗಟ್ಟಲೆ ಟಿಪ್ಪಣಿ ಮಾಡಿಕೊಂಡಿದ್ದೆ. ಅವು ಹೇಗಿರುತ್ತವೆಂದು ಕಣ್ಣಾರೆ ಕಂಡದ್ದು ಅವತ್ತು.

ತೀರ್ಪಿನಲ್ಲಿ ಮ್ಯಾಜಿಸ್ಟ್ರೇಟರು ನನ್ನ ಸಾಕ್ಷ್ಯವನ್ನು ಪೂರ್ತಿ ನಂಬಲಾಗದು ಎಂದರು. ಪಂಚನಾಮೆಗೆ ಸಹಿ ಹಾಕಿದ್ದ ಇನ್ನೊಬ್ಬ ಸಾಕ್ಷಿ ಕೋರ್ಟಿಗೆ ಬರಲೇ ಇಲ್ಲ ಎಂದರು. ತನಗೆ ಕೇಡಾಗುವ ಪ್ರತಿಯೊಂದು ಸಂಗತಿಯನ್ನೂ ಒಪ್ಪಿಕೊಂಡಿರುವ ಆರೋಪಿ, ಕಲ್ಲಿನದೊಂದನ್ನು ಅಲ್ಲಗಳೆದಾಗ ಅದನ್ನು ಸುಲಭವಾಗಿ ತಳ್ಳಿಹಾಕಲಾಗದು ಎಂದೂ ಓದಿದರು. ಕಲ್ಲೆಸೆತದ ಆರೋಪ ಬಿದ್ದುಹೋಯಿತು. ನಿಷೇಧಾಜ್ಞೆ ಮೀರಿದ್ದಕ್ಕೆ ಮಾತ್ರ ಐವರಿಗೂ ಆ ದಿನ ಕೋರ್ಟು ಏಳುವವರೆಗೆ, ಅಂದರೆ ದಿನದ ಕಲಾಪ ಮುಗಿಯುವವರೆಗೆ, ಅಲ್ಲೇ ಕೂತಿರುವ ಶಿಕ್ಷೆ.

"ನೌಕರಿ ಉಳೀತು ಮೇಡಮ್‌ಜೀ. ಇಷ್ಟಕ್ಕೆ ಬಡ್ತಿ ತಡೀಬಹುದು, ಮನೆಗೆ ಕಳಿಸೋಕಾಗಲ್ಲ," ಎಂದು ವಕೀಲರು ಪಿಸುಗುಟ್ಟಿದರು. ಹಾಗೇ ಆಯಿತು. ಕೆಲವು ತಿಂಗಳ ನಂತರ ಆಕೆ ಅದೇ ಮೇಜಿಗೆ ಮರಳಿದರು, ಬಡ್ತಿ ಮಾತ್ರ ಬರಲಿಲ್ಲ. ನನ್ನ ವೆರಿಫಿಕೇಶನ್ನಿನ ಪ್ರಶ್ನೆ ಏಳಲೇ ಇಲ್ಲ. ಸಂದರ್ಶನದಲ್ಲಿ ನಾನೇ ಸ್ವಂತ ಶಕ್ತಿಯಿಂದ ಫೇಲಾದೆ.

ತೀರ್ಪಿನ ಆ ದಿನ ಒಂದೂವರೆಗೆ ಮ್ಯಾಜಿಸ್ಟ್ರೇಟರು ಎದ್ದು ಒಳಗೆ ಹೋದರು. ಬಾಗಿಲ ಬಳಿಯ ಪೊಲೀಸು, "ಚಲೋ ಚಲೋ, ಹೋ ಗಯಾ, ಘರ್ ಜಾಯಿಯೇ," ಎಂದು ಮನೆಗೆ ಹೋಗಲು ಹೇಳಿದ. ಹುಡುಗರು ಎದ್ದರು.

"ಕೂತ್ಕೊಳ್ರೋ," ಎಂದು ಕನ್ನಡದಲ್ಲೇ ಗದರಿಸಿ ಹಿಂದಿಗೆ ತಿರುಗಿದರು ಆಕೆ. "ಸಾಹೇಬರು ಊಟಕ್ಕೆ ಎದ್ದಿದ್ದಾರೆ ಭಯ್ಯಾ. ಕೋರ್ಟು ಇನ್ನೂ ಎದ್ದಿಲ್ಲ."

"ಯಾರೂ ಕೇಳಲ್ಲ, ಅಮ್ಮಾಜೀ."

"ಹೋಗಲಿ ಬಿಡಿ. ಕೊಟ್ಟಿದ್ದನ್ನ ಪೂರ್ತಿ ಮಾಡಿ ಹೋಗ್ತೀವಿ."

ಹುಡುಗರು ನಗುತ್ತ ಕೂತರು. ನಾನು ಹಿಂದಿನ ಬೆಂಚು ಬಿಟ್ಟು ಅವರ ಸಾಲಿನ ತುದಿಗೆ ಬಂದೆ. ಆಕೆ ಸ್ವಲ್ಪ ಸರಿದು ಜಾಗ ಮಾಡಿದರು. ಮಧ್ಯಾಹ್ನ ಯಾರದೋ ಚೆಕ್ಕಿನ ಕೇಸು ನಡೆಯಿತು, ಯಾವುದೋ ಅಪಘಾತದ್ದು, ಯಾರೋ ಅತ್ತರು, ಯಾರಿಗೋ ಮುಂದಿನ ತಾರೀಖು ಸಿಕ್ಕಿತು. ಫ್ಯಾನಿನ ಕೆಳಗೆ ನಾವು ಆರು ಜನ ಕೂತಿದ್ದೆವು. ನಾಲ್ಕು ದಾಟಿದ ಮೇಲೆ ಮ್ಯಾಜಿಸ್ಟ್ರೇಟರು ಕಡತ ಮುಚ್ಚಿ ಎದ್ದರು. ನಮ್ಮ ಸಾಲಿನ ಕಡೆ ನೋಡಿ ಒಂದು ಗಳಿಗೆ ನಿಂತು, ಒಳಗೆ ಹೋದರು. ಆಗ ಆಕೆ ಮಂಡಿಗೆ ಕೈಯೂರಿ ಎದ್ದರು. ಅವರ ಹಿಂದೆ ನಾವೂ ಎದ್ದೆವು.