ಎರಡು ಬೆರಳ ಹೇರು

ನನ್ನ ಅಪ್ಪ ಎರಡು ಬೆರಳಿನಲ್ಲಿ ಚಕ್ಕಡಿಯ ಹೇರನ್ನು ತೂಗಿ ನೋಡುತ್ತಿದ್ದ. ಶೇಂಗಾ ಚೀಲ ಒಟ್ಟಿ ಮುಗಿದ ಮೇಲೆ, ಎತ್ತು ಹೂಡುವ ಮುನ್ನ, ನೊಗದ ಕೆಳಗೆ ಎರಡು ಬೆರಳಿಟ್ಟು ಎತ್ತುವನು. ನೊಗ ಮೇಲೆದ್ದರೆ ಹೇರು ಸರಿ, ಎತ್ತಿನ ಹೆಗಲಿಗೆ ಭಾರ ಬೀಳುವುದಿಲ್ಲ. ಏಳದಿದ್ದರೆ ಎರಡು ಚೀಲ ಹಿಂದಕ್ಕೆ ಸರಿಸುವನು. ಯಳವತ್ತಿಯಿಂದ ಗದಗಿನ ಪೇಟೆಗೆ ಮಾಲು ಹೊಡೆಯುವವರಲ್ಲಿ ಎತ್ತಿನ ಹೆಗಲಿಗೆ ಒಮ್ಮೆಯೂ ಹುಣ್ಣು ಮಾಡದವನು ಅವನೊಬ್ಬನೇ ಎಂದು ಊರವರು ಹೇಳುತ್ತಿದ್ದರು. ಏರು ಬಂದರೆ ಸಾಕು, ಚಕ್ಕಡಿಯಿಂದ ಇಳಿದು ನಡೆಯುವನು.

ಅಂಥವನು ತನ್ನ ಜೋಡಿ ಎತ್ತನ್ನು ನನಗಾಗಿ ಮಾರಿದ. ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ನಾನು ಗದಗಿನ ಒಂದು ಮೋಟಾರ್ ಗ್ಯಾರೇಜಿನಲ್ಲಿ ಐದು ವರ್ಷ ಮೈಗೆಲ್ಲ ಎಣ್ಣೆ ಬಳಿದುಕೊಂಡು, ಜಗತ್ತಿನ ಇಂಜಿನ್ನುಗಳೆಲ್ಲ ನನಗೆ ಗೊತ್ತು ಎಂಬ ಧಿಮಾಕಿನಲ್ಲಿದ್ದೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಒಂದು ಪಿಕಪ್ಪು ಕಣ್ಣಿಗೆ ಬಿತ್ತು. ಹಿಂದೆ ಎರಡು ಗಾಲಿಯ ಟ್ರೇಲರ್ ಕಟ್ಟಿದರೆ ನಾಲ್ಕು ಚಕ್ಕಡಿಯ ಮಾಲು ಒಂದೇ ಸಲಕ್ಕೆ ಪೇಟೆಗೆ ಹೋಗುತ್ತದೆ ಎಂದು ಅಪ್ಪನ ತಲೆ ತಿಂದೆ. ಅವನು ಎಂಟು ದಿನ ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಒಂಬತ್ತನೆಯ ದಿನ ಎತ್ತುಗಳನ್ನು ಶಿರಹಟ್ಟಿಯ ಒಬ್ಬ ರೈತನಿಗೆ ಕೊಟ್ಟು ಬಂದ.

ಆ ರೈತ ದೊಡ್ಡ ಮನಸ್ಸಿನವನು. ಸಂಕ್ರಾಂತಿಯವರೆಗೆ ನೋಡಿ, ನಿಮ್ಮ ಹುಡುಗನ ಗಾಡಿ ನಡೆಯದಿದ್ದರೆ ಜೋಡಿಯನ್ನು ತಿರುಗಿ ಒಯ್ಯಿರಿ, ಅಲ್ಲಿಯವರೆಗೆ ಬೇರೆಯವರಿಗೆ ಮಾರುವುದಿಲ್ಲ ಎಂದು ಮಾತು ಕೊಟ್ಟಿದ್ದ. ಅಪ್ಪ ಮನೆಗೆ ಬಂದವನೇ ಸೆಣಬಿನಿಂದ ಎರಡು ಹೊಸ ಹಗ್ಗ ಹೊಸೆದ, ಎತ್ತುಗಳನ್ನು ಹೊಡೆದುಕೊಂಡು ಬರಲು. ನಡುನಡುವೆ ಕೆಂಪು ಬಟ್ಟೆಯ ಎಳೆ ಸೇರಿಸಿದ್ದ. ಅವನ್ನು ಚೀಲದಲ್ಲಿಟ್ಟು, ನನ್ನ ಜೊತೆ ಗದಗಿಗೆ ಹೊರಟಾಗಲೆಲ್ಲ ಬಗಲಿಗೆ ಹಾಕಿಕೊಳ್ಳುತ್ತಿದ್ದ. ಗಾಡಿ ಕೈಕೊಟ್ಟರೆ ಅಲ್ಲಿಂದಲೇ ಶಿರಹಟ್ಟಿಯ ಹಾದಿ ಹಿಡಿಯಬೇಕಲ್ಲ! ನನಗೆ ಆ ಚೀಲ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಮೊದಲ ಹೇರು ಹರ್ತಿಯ ಹತ್ತಿರದ ಒಂದು ಹಳ್ಳದವರೆಗೆ ಸುಸೂತ್ರ ಬಂತು. ಹಳ್ಳ ದಾಟಿದೊಡನೆ ಏರು. ಅರ್ಧ ಏರಿಗೆ ಇಂಜಿನ್ ಕೆಮ್ಮಿ ನಿಂತಿತು. ಅಪ್ಪ ಎಂದಿನಂತೆ ಕೆಳಗಿಳಿದು ನಡೆಯುತ್ತಿದ್ದವನು ಗಾಲಿಗೆ ಕಲ್ಲು ಕೊಟ್ಟ. ಹರ್ತಿಯವರು ಎರಡು ಜೋಡಿ ಎತ್ತು ತಂದು ಪಿಕಪ್ಪು, ಟ್ರೇಲರ್ ಎರಡನ್ನೂ ಎಳೆದು ಮೇಲೆ ಹಾಕಿದರು. ಸ್ಟಿಯರಿಂಗ್ ಹಿಡಿದು ಕುಳಿತ ನನಗೆ ಮುಂದೆ ಕಂಡದ್ದು ನಾಲ್ಕು ಎತ್ತಿನ ಬಾಲ. ಮರ್ಯಾದೆ ಮೂರು ಕಾಸಿಗೆ ಹೋಯಿತು.

ಇಂಜಿನ್ನಿಗೆ ಕಸುವು ಸಾಲದು ಎಂದು ತೀರ್ಮಾನಿಸಿದೆ. ಆ ದಿನಗಳ ಕುತೂಹಲ ಈಗಲೂ ನೆನಪಿದೆ. ಊಟ ಮಾಡುವಾಗಲೂ ತಲೆಯಲ್ಲಿ ಪಿಸ್ಟನ್ ಓಡಾಡುತ್ತಿತ್ತು. ಹೆಡ್ ಬಿಚ್ಚಿ ಮಸಿ ಕೆರೆದೆ. ವಾಲ್ವುಗಳನ್ನು ಕೈಯಿಂದ ತಿರುವಿ ತಿರುವಿ ಮಸೆದು, ಸೀಮೆಎಣ್ಣೆ ಸುರಿದರೂ ಸೋರದಂತೆ ಕೂರಿಸಿದೆ. ಬೆಟಗೇರಿಯ ಲೇತಿನವನ ಕಾಲು ಹಿಡಿದು ಹೆಡ್ಡನ್ನು ಕೂದಲೆಳೆಯಷ್ಟು ತೆಳ್ಳಗೆ ಮಾಡಿಸಿದೆ. ಒಳಗೆ ಜಾಗ ಕಡಿಮೆಯಾದಷ್ಟೂ ಒತ್ತಡ ಹೆಚ್ಚು ಎಂಬ ಲೆಕ್ಕ. ಕಾರ್ಬೊರೇಟರಿಗೆ ದೊಡ್ಡ ತೂತಿನ ಜೆಟ್ಟು ಹಾಕಿದೆ. ಸೈಲೆನ್ಸರ್ ಕಿತ್ತು ಒಗೆದೆ. ಅಂಗಳದಲ್ಲಿ ಚಾಲೂ ಮಾಡಿದರೆ ಓಣಿಯ ಕೋಳಿಗಳೆಲ್ಲ ಮಾಳಿಗೆ ಹತ್ತಿದವು. ಅವ್ವ ಕಿವಿ ಮುಚ್ಚಿಕೊಂಡು, ಇದು ಶೇಂಗಾ ಒಯ್ಯುತ್ತದೋ ಹೈದರಾಬಾದಿನ ಮೇಲೆ ಮತ್ತೆ ದಂಡು ಒಯ್ಯುತ್ತದೋ ಎಂದು ಕೇಳಿದಳು.

ಎರಡನೆಯ ಸಲ ಇಂಜಿನ್ ನಿಲ್ಲಲಿಲ್ಲ. ಅದೇ ಏರಿನಲ್ಲಿ ಅಬ್ಬರಿಸಿತು, ಹಿಂದಿನ ಗಾಲಿಗಳು ಗರಗರ ತಿರುಗಿದವು, ಗಾಡಿ ಮಾತ್ರ ಇದ್ದಲ್ಲೇ ಇತ್ತು. ಮತ್ತೆ ಹರ್ತಿಯ ಎತ್ತು ಬಂದವು. ಟಯರು ಸವೆದಿವೆ ಎಂದುಕೊಂಡು ಮೂರನೆಯ ಸಲ ಸರಪಳಿ ಸುತ್ತಿದೆ. ಸರಪಳಿ ಕಡಿದು ಹಾರಿತು, ಮತ್ತೆ ಎತ್ತು ಬಂದವು. ಇದೇ ಪಿಕಪ್ಪು ಯುದ್ಧದಲ್ಲಿ ತೋಪಿನ ಗಾಡಿ ಎಳೆದಿದೆ ಎಂದು ಮಾರಿದವನು ಹೇಳಿದ್ದ. ತೋಪು ಎಳೆದದ್ದು ಶೇಂಗಾ ಯಾಕೆ ಎಳೆಯದು?

ಒಂದು ಸಲ ಪಿಕಪ್ಪಿನ ಬೆನ್ನ ಮೇಲೂ ಒಂದಿಷ್ಟು ಚೀಲ ಹೇರೋಣ, ಟ್ರೇಲರಿಗೆ ಹಗುರಾಗುತ್ತದೆ ಎಂದು ನೋಡಿದೆ. ಅಪ್ಪ ಮುಟ್ಟಗೊಡಲಿಲ್ಲ.

“ಎಳಿಯೋ ದನದ ಬೆನ್ನ ಮ್ಯಾಲ ಯಾರರ ಹೇರತಾರೇನಲೇ?” ಎಂದ.

ನಾನೂ ಹೌದಲ್ಲ ಅಂದುಕೊಂಡೆ. ಐದು ವರ್ಷ ಗ್ಯಾರೇಜಿನಲ್ಲಿದ್ದರೂ ನಾನು ಚಕ್ಕಡಿಯವನ ಮಗನೇ.

ಸಂಕ್ರಾಂತಿಗೆ ನಾಲ್ಕೇ ದಿನ ಉಳಿದಿದ್ದಾಗ ನಾಲ್ಕನೆಯ ಹೇರು. ಅಪ್ಪ ಎಂದಿನಂತೆ ಟ್ರೇಲರಿನ ಮುಂದಿನ ಕಬ್ಬಿಣದ ದಂಡವನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ, ತೃಪ್ತನಾಗಿ, ಪಿಕಪ್ಪಿಗೆ ಸಿಕ್ಕಿಸಿದ. ಅದೇ ಏರು, ಅದೇ ಗರಗರ, ಟ್ರೇಲರಿನ ಗಾಲಿಗೆ ಅಪ್ಪನ ಅದೇ ಕಲ್ಲು. ಅವತ್ತು ಹರ್ತಿಯ ಎತ್ತುಗಳೆಲ್ಲ ಹೊಲಕ್ಕೆ ಹೋಗಿದ್ದವು. ಬರಿಯ ಪಿಕಪ್ಪನ್ನಾದರೂ ಮೇಲೆ ಒಯ್ದು, ಅಲ್ಲಿಂದ ಹಗ್ಗ ಕಟ್ಟಿ ಎಳೆದರಾಯಿತು ಎಂದು ಟ್ರೇಲರ್ ಬಿಚ್ಚಲು ಹೋದೆ. ಆವರೆಗೆ ಹೇರು ತುಂಬಿದಾಗ ಏರಿನಲ್ಲಿ ಅದನ್ನು ಬಿಚ್ಚಿಯೇ ಇರಲಿಲ್ಲ.

ದಂಡವನ್ನು ಪಿಕಪ್ಪಿಗೆ ಕೂಡಿಸಿದ್ದ ಪಿನ್ನು ಬರಲೊಲ್ಲದು. ಎಂಥ ಬಿಗಿ ಇದು ಎಂದು ಸುತ್ತಿಗೆಯಿಂದ ಬಡಿದೆ. ಪಿನ್ನು ಹಾರಿದ್ದೇ ತಡ, ದಂಡ ನನ್ನ ಗದ್ದ ಸವರಿಕೊಂಡು ಆಕಾಶಕ್ಕೆ ಎದ್ದಿತು. ಟ್ರೇಲರಿನ ಹಿಂಭಾಗ ನೆಲಕ್ಕೆ ಬಡಿಯಿತು. ಇತ್ತ ಪಿಕಪ್ಪಿನ ಹಿಂಭಾಗ ನಾಲ್ಕು ಬೆರಳು ಕೆಳಗಿಳಿದು ಧಪ್ಪನೆ ಕುಳಿತಿತು.

ನಾನು ಹುಚ್ಚನಂತೆ ನಕ್ಕೆ. ಸಮನೆಲದಲ್ಲಿ ಎರಡು ಬೆರಳಿಗೆ ಏಳುವ ಹೇರು ಏರಿನಲ್ಲಿ ಹಿಂದಕ್ಕೆ ವಾಲಿ ಪಿಕಪ್ಪಿನ ಬಾಲ ಹಿಡಿದು ಎತ್ತುತ್ತಿತ್ತು! ಎಳೆಯಬೇಕಾದ ಗಾಲಿಗಳಿಗೆ ನೆಲವನ್ನು ಅಪ್ಪುವ ಭಾರವೇ ಇರಲಿಲ್ಲ. ನಾನು ಕಸುವು ಹೆಚ್ಚಿಸಿದಷ್ಟೂ ಅವು ಸುಮ್ಮನೆ ತಿರುಗುತ್ತಿದ್ದವು. ಎರಡು ತಿಂಗಳು ಬಾನೆಟ್ಟಿನೊಳಗೆ ತಲೆ ಹಾಕಿ ಹುಡುಕಿದ ರೋಗ ಹಿಂದಿನ ಒಂದು ಪಿನ್ನಿನಲ್ಲಿತ್ತು.

ನಗು ನಿಂತ ಮೇಲೆ ಸಿಟ್ಟು ಬಂತು. ಅಪ್ಪನ ಬಗಲಿನ ಚೀಲ ಕಣ್ಣಿಗೆ ಬಿತ್ತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ:

“ನಿನ್ನ ಎತ್ತು ತಿರುಗಿ ಬರ್ಲಿ ಅಂತನ ಹಿಂಗ ಹೇರಿದೇನು, ಯಪ್ಪಾ?”

ಅವನು ಟ್ರೇಲರಿನ ಮುಂದೆ ಬಂದು ನಿಂತ. ಆಕಾಶ ನೋಡುತ್ತಿದ್ದ ದಂಡವನ್ನೇ ಬಹಳ ಹೊತ್ತು ನೋಡಿದ. ಅದಕ್ಕೆ ಜೋತುಬಿದ್ದು ಕೆಳಗೆ ಎಳೆದ, ಬಿಟ್ಟ, ಮತ್ತೆ ಎಳೆದ. ಅವನ ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಕಂಡದ್ದು ನನ್ನ ಮುಖದಲ್ಲಿ ಎರಡು ತಿಂಗಳು ಇದ್ದ ಅದೇ ಕುತೂಹಲ.

“ಹಂಗಾರ ಇದಕ್ಕ ಹೆಗಲ ಮ್ಯಾಲ ಭಾರ ಬೇಕನು?”

“ಬೇಕು,” ಎಂದೆ.

“ನೋವಾಗಂಗಿಲ್ಲ?”

ಇಲ್ಲವೆಂದು ತಲೆಯಾಡಿಸಿ, ಕುದಿಯುತ್ತಿದ್ದ ರೇಡಿಯೇಟರಿಗೆ ನೀರು ತರಲು ಹಳ್ಳಕ್ಕೆ ಇಳಿದೆ. ಅಂದ ಮಾತಿಗೆ ನಾಚಿಕೆಯಾಗಿ ಬೇಕೆಂದೇ ತಡಮಾಡಿದೆ. ತಿರುಗಿ ಬರುವಷ್ಟರಲ್ಲಿ ಅವನು ಟ್ರೇಲರಿನ ಹಿಂದಿನ ಚೀಲಗಳನ್ನು ಒಬ್ಬನೇ ಹೊತ್ತು ಪಿಕಪ್ಪಿನ ಬೆನ್ನ ಮೇಲೆ ಒಟ್ಟಿ, ಬಿಗಿದು, ಮೇಲೆ ಗೋಣಿತಟ್ಟಿನ ಚವಾಳೆ ಹೊದಿಸಿದ್ದ. ಇಬ್ಬರೂ ಸೇರಿ ಉಳಿದ ಹೇರನ್ನು ಮುಂದಕ್ಕೆ ಸರಿಸಿದೆವು. ಈಗ ಆ ದಂಡ ಎರಡು ಬೆರಳಿಗೆ ಹೋಗಲಿ, ಎರಡು ಕೈಗೂ ಏಳಲಿಲ್ಲ. ಅವನು ಅಭ್ಯಾಸದಂತೆ ಕಲ್ಲು ಹಿಡಿದು ಹಿಂದೆ ನಡೆಯಲು ಹೊರಟಾಗ, ಮೇಲೆ ಹತ್ತಿ ಕೂಡು ಎಂದು ಕೈಮುಗಿದೆ. ಹುಟ್ಟಿದಾಗಿನಿಂದ ಏರಿನಲ್ಲಿ ಗಾಡಿಯ ಮೇಲೆ ಕೂಡದವನು ತಪ್ಪು ಮಾಡುವವನಂತೆ ಅತ್ತಿತ್ತ ನೋಡಿ ಚೀಲಗಳ ಮೇಲೆ ಕುಳಿತ.

ಗಾಲಿ ನೆಲ ಹಿಡಿಯಿತು. ಹತ್ತಿತು, ಹತ್ತಿತು, ಹತ್ತಿಯೇಬಿಟ್ಟಿತು! ಮೇಲೆ ಬಂದಾಗ ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಏಕೀಕರಣವಾದ ವರ್ಷದವರೆಗೂ ಆ ಪಿಕಪ್ಪು ಮುಂಡರಗಿ, ಲಕ್ಷ್ಮೇಶ್ವರ ಅನ್ನದೆ ದುಡಿಯಿತು, ಮತ್ತೆಂದೂ ಎತ್ತಿನ ಬಾಲ ನೋಡಲಿಲ್ಲ.

ಅವತ್ತು ಗದಗಿನ ಪೇಟೆಯಲ್ಲಿ ಹಮಾಲ ಚವಾಳೆ ಸರಿಸಿದಾಗಲೇ ನಾನು ನೋಡಿದ್ದು. ಪಿಕಪ್ಪಿನ ಮೇಲಿನ ಚೀಲಗಳನ್ನು ಬಿಗಿದದ್ದು ಕೆಂಪು ಎಳೆಯ ಆ ಎರಡು ಹಗ್ಗಗಳಿಂದ. ಅಪ್ಪನ ಬಗಲಿನ ಚೀಲ ಬರಿದಾಗಿ ಜೋತಾಡುತ್ತಿತ್ತು. ಏರಿನ ಜಗ್ಗಾಟಕ್ಕೆ ಗಂಟು ಕಲ್ಲಾಗಿತ್ತು. ಹಮಾಲ ಉಗುರು ಹಾಕಿ, ಹಲ್ಲು ಹಚ್ಚಿ ಸೋತು, ಹಗ್ಗ ಹೊಸಾವು ಅದಾವಲ್ರಿ, ಏನು ಮಾಡಲಿ ಎಂದು ಅಪ್ಪನ ಮುಖ ನೋಡಿದ. ನಾನು ಬಿಚ್ಚುತ್ತೇನೆ, ತಡೆ ಎಂದು ಮುಂದೆ ಹೋದೆ.

ಅಪ್ಪ ನನ್ನ ಕೈ ಹಿಡಿದು ನಿಲ್ಲಿಸಿದ.

“ಕೊಯ್ದಬಿಡಪಾ,” ಎಂದ ಹಮಾಲನಿಗೆ. “ಇನ್ನ ಅವು ಬೇಕಾಗಂಗಿಲ್ಲ.”