ರತ್ನಗಂಬಳಿಯ ಅಡಿಯ ಕಂಬಳಿ

ಗಂಗಕ್ಕ ನೆಲವನ್ನು ಪಾದದಿಂದ ನೋಡುತ್ತಿದ್ದರು. ಯಾರ ಮನೆಗೇ ಹೋಗಲಿ, ಹೊಸಿಲು ದಾಟಿದೊಡನೆ ಒಂದು ಕ್ಷಣ ನಿಂತು, ಕಣ್ಣು ಮುಚ್ಚಿ, ಕಾಲ್ಬೆರಳು ಅಗಲಿಸಿ ನೆಲವನ್ನು ಮೆಲ್ಲಗೆ ಒತ್ತುವರು. ಮನೆಯವರ ಕಡೆ ತಿರುಗಿ ನಗುವುದೆಲ್ಲ ಅದಾದ ಮೇಲೆ. ನಾನು ಮದುವೆಯಾಗಿ ಭದ್ರಾವತಿಯ ಕ್ವಾರ್ಟರ್ಸಿಗೆ ಬಂದ ಹೊಸತರಲ್ಲಿ, ಪಕ್ಕದ ಮನೆಯ ಈ ಹೆಂಗಸು ನಮ್ಮ ನಡುಮನೆಯಲ್ಲಿ ಹಾಗೆ ನಿಂತದ್ದು ಕಂಡು, ಪಾಪ ತಲೆ ಸುತ್ತು ಬಂದಿರಬೇಕೆಂದು ನೀರು ತರಲು ಓಡಿದ್ದೆ. ಅವರು ನೀರನ್ನೇನೋ ಕುಡಿದರು. ಆಮೇಲೆ, "ಗುಡಿಸಿದೀಯ, ಒರೆಸಿಲ್ಲ ಮಾರಾಯ್ತಿ. ಇರಲಿ, ಹೊಸಬಳು," ಎಂದರು.

ನಮ್ಮ ಸ್ನೇಹ ಶುರುವಾದದ್ದು ಹೀಗೆ. ಅವರಿಗೂ ನನಗೂ ಹದಿನೈದು ವರ್ಷಗಳ ಅಂತರ. ಬೆಳಗಿನ ಹೊತ್ತು ಹಿತ್ತಲ ಬಟ್ಟೆ ಒಗೆಯುವ ಕಲ್ಲಿಗೆ ಬಿಸಿಲು ಬಿದ್ದರೆ ಗಂಗಕ್ಕ ಅದರ ಮೇಲೆ ಹತ್ತಿ ನಿಂತುಬಿಡುವರು. ಒಳಗೆ ಸಾರು ಉಕ್ಕಿ ಒಲೆ ಆರಿದರೂ ಅವರಿಗೆ ಎಚ್ಚರವಿಲ್ಲ. ಕಾರ್ಖಾನೆಗೆ ಹೊರಟ ಅವರ ಯಜಮಾನರು ತಾವೇ ಪಾತ್ರೆ ಇಳಿಸಿಟ್ಟು ಸೈಕಲ್ ಹತ್ತುತ್ತಿದ್ದರು. ನಾನು ಗೇಲಿ ಮಾಡಿದರೆ ಗಂಗಕ್ಕನ ಉತ್ತರ ಸಿದ್ಧವಿರುತ್ತಿತ್ತು: "ಕಣ್ಣು ಎಷ್ಟು ಬೇಕಾದ್ರೂ ಸುಳ್ಳು ಹೇಳುತ್ತೆ ಸರೋಜ. ಕಾಲಿಗೆ ಅಷ್ಟು ಬುದ್ಧಿ ಇಲ್ಲ."

ಒಮ್ಮೆ ದೊಡ್ಡ ಆಫೀಸರರ ಬಂಗಲೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆವು. ಅಲ್ಲಿ ಹಾಲಿನ ತುಂಬ ರತ್ನಗಂಬಳಿ ಹಾಸಿತ್ತು. ಗಂಗಕ್ಕ ಅದರ ಮೇಲೆ ಕಾಲಿಟ್ಟವರು ಬಾಗಿನ ತೆಗೆದುಕೊಳ್ಳುವುದನ್ನೂ ಮರೆತರು. ಕರುವಿನ ಬೆನ್ನು ಸವರಿದ ಹಾಗಿತ್ತು ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದರು. ಅಂಥದ್ದೊಂದು ನಮ್ಮಂಥವರ ಮನೆಗೆ ಬರುವುದುಂಟೇ ಎಂದು ನಾನು ಸುಮ್ಮನಾದೆ. ಅವರು ಸುಮ್ಮನಾಗಲಿಲ್ಲ.

ಅವರ ಅತ್ತೆ ಆಯನೂರಿನಿಂದ ಮಗನ ಮನೆಗೆ ಬಂದದ್ದು ಆ ವರ್ಷವೇ. ಜೀವಮಾನವೆಲ್ಲ ಸಗಣಿ ಸಾರಿಸಿದ ಮಣ್ಣಿನ ನೆಲದ ಮೇಲೆ ಓಡಾಡಿದ ಅಜ್ಜಿಗೆ ಕ್ವಾರ್ಟರ್ಸಿನ ನುಣುಪು ಸಿಮೆಂಟು ಒಗ್ಗಲಿಲ್ಲ. ಕಣ್ಣು ಬೇರೆ ಮಂಜು. ಬಂದ ವಾರದಲ್ಲೇ ಜಾರಿಬಿದ್ದರು. ಮೂಳೆಗೆ ಏನೂ ಆಗಲಿಲ್ಲ, ಆದರೆ ಹೆದರಿಕೆ ಒಳಗೆ ಹೊಕ್ಕಿತು. ಮಂಚದಿಂದ ಕಾಲು ಇಳಿಸುವುದನ್ನೇ ಬಿಟ್ಟರು. ಎಲ್ಲಕ್ಕೂ ಗಂಗಕ್ಕನೇ ಎತ್ತಿ ಕೂರಿಸಬೇಕು. ಹೀಗೇ ಕೂತರೆ ಕಾಲು ಹಿಡಿದುಕೊಳ್ಳುತ್ತದೆ, ಆಮೇಲೆ ಏಳುವ ಮಾತೇ ಇಲ್ಲ ಎಂದು ಡಾಕ್ಟರು ಎಚ್ಚರಿಸಿ ಹೋದರು. ಯಾರು ಏನು ಹೇಳಿದರೂ ಅಜ್ಜಿಯದು ಒಂದೇ ಮಾತು: "ಈ ನೆಲಕ್ಕೆ ನನ್ನ ಗುರುತಿಲ್ಲ ಕಣವ್ವ."

ಗಂಗಕ್ಕನಿಗೆ ಬಂಗಲೆಯ ರತ್ನಗಂಬಳಿ ನೆನಪಾಯಿತು. ಅತ್ತೆಯ ಕಾಲಿಗೆ ಮದ್ದೂ ಆಯಿತು, ತನ್ನ ಕಾಲಿನ ಕನಸೂ ಆಯಿತು. ಎರಡರಲ್ಲಿ ಯಾವುದು ಹೆಚ್ಚೆಂದು ನಾನು ಕೇಳಲಿಲ್ಲ.

ಶಿವಮೊಗ್ಗದ ಗಾಂಧಿ ಬಜಾರಿನ ಸಂದಿಯೊಂದರಲ್ಲಿ ಖಾದರ್ ಸಾಬರ ಜಮಖಾನೆ ಅಂಗಡಿ. ಮಧ್ಯಾಹ್ನದ ಬಿಸಿಲು ಬಾಗಿಲಿಂದ ಓರೆಯಾಗಿ ಒಳಗೆ ಬಿದ್ದು, ಉಣ್ಣೆಯ ಧೂಳು ಅದರಲ್ಲಿ ನಿಧಾನವಾಗಿ ತೇಲುತ್ತಿತ್ತು. ಗಂಗಕ್ಕ ಮೊದಲು ಕೇಳಿದ್ದು ಕಾಲು ತೊಳೆಯಲು ನೀರು. ಸಾಬರು ಗಲಿಬಿಲಿಯಾದರೂ ಚೊಂಬು ತರಿಸಿಕೊಟ್ಟರು. ಕಾಲು ಒರೆಸಿಕೊಂಡು, ಸೀರೆಯ ನೆರಿಗೆ ಕೊಂಚ ಎತ್ತಿ, ಕಣ್ಣು ಮುಚ್ಚಿ, ಹಾಸಿದ ರತ್ನಗಂಬಳಿಗಳ ಮೇಲೆ ಗಂಗಕ್ಕ ನಡೆಯತೊಡಗಿದರು.

ರಂಗು ನೋಡಿ, ಹೂವು ನೋಡಿ ಎಂದು ಸಾಬರು ಮೂಲೆ ಮಗುಚಿ ತೋರಿಸಿದರು. ಅವರು ಕಣ್ಣು ಬಿಡಲಿಲ್ಲ. "ರಂಗು ನಮ್ಮತ್ತೆಗೆ ಕಾಣಲ್ಲ ಸಾಬ್ರೇ," ಎಂದರು. ಒಂದು ಚುಚ್ಚುತ್ತದೆ, ಇನ್ನೊಂದು ಜಾರಿಸುತ್ತದೆ ಎಂದು ಬದಿಗಿಟ್ಟರು. ಮತ್ತೊಂದರ ನಡುವೆ ನಿಂತವರು ನಿಂತೇ ಇದ್ದರು. ಎಲ್ಲಿಗೆ ಹೋಗಿಬಿಟ್ಟರೋ ಎಂದು ನಾನು ಕೆಮ್ಮಬೇಕಾಯಿತು. ಅದನ್ನೇ ಆರಿಸಿದ್ದಾಯಿತು.

ಬರಿಯ ಸಿಮೆಂಟಿನ ಮೇಲೆ ಹಾಸಿದರೆ ಇದೂ ಜಾರುತ್ತದೆ, ಅಡಿಗೆ ಏನಾದರೂ ಬೇಕು ಎಂದರು ಸಾಬರು. ಗಂಗಕ್ಕ ಅದನ್ನೂ ಕಾಲಿನಲ್ಲೇ ಪರೀಕ್ಷಿಸಿದರು. ಗೋಣಿತಾಟು ಹಾಕಿಸಿದರು, ಅದು ಸದ್ದು ಮಾಡಿತು. ಹತ್ತಿಯ ಹಾಸು ಹಾಕಿಸಿದರು, ಅದು ಮುದುಡಿತು. ಕಡೆಗೆ ದಪ್ಪನೆಯ ಕರಿ ಕುರಿಕಂಬಳಿ. ಅಷ್ಟರಲ್ಲಿ ಬಿಸಿಲು ಅಂಗಡಿ ಬಿಟ್ಟು ಬೀದಿಗೆ ಇಳಿದಿತ್ತು.

"ಯಾರಿಗೂ ಕಾಣದೆ ಇರೋದಕ್ಕೆ ಇಷ್ಟು ಹೊತ್ತಾ ಅಮ್ಮ?" ಸಾಬರು ನಕ್ಕರು.

"ಕಾಣೋದಾಗಿದ್ರೆ ಬೇಗ ಮುಗೀತಿತ್ತು ಸಾಬ್ರೇ," ಎಂದರು ಗಂಗಕ್ಕ.

ಬಸ್ಸಿನಲ್ಲಿ ರತ್ನಗಂಬಳಿಯ ಸುರುಳಿ ಮೇಲೆ ಹೋಯಿತು. ಕಂಬಳಿಯನ್ನು ಕಾಲಡಿ ಇಟ್ಟುಕೊಂಡು, ಮಾಚೇನಹಳ್ಳಿ ದಾಟುವ ಹೊತ್ತಿಗೆ ಗಂಗಕ್ಕ ಕಣ್ಣು ಮುಚ್ಚಿದ್ದರು. ಅತ್ತೆ ಎದ್ದು, ನಡುಮನೆ ದಾಟಿ, ಹಿತ್ತಲ ಬಾಗಿಲಲ್ಲಿ ಬಿಸಿಲಿಗೆ ನಿಂತ ಹಾಗೆ ಕಂಡಿತಂತೆ. ನಿದ್ದೆಯೋ ಎಚ್ಚರವೋ ತಿಳಿಯದ ದನಿಯಲ್ಲಿ ಅದನ್ನು ನನಗೆ ಹೇಳಿದರು.

ಮರುದಿನ ನಡುಮನೆಯಲ್ಲಿ, ಅಜ್ಜಿಯ ಮಂಚದಿಂದ ಹಿತ್ತಲ ಬಾಗಿಲವರೆಗೆ ಕಂಬಳಿ ಹಾಸಿ, ಅದರ ಮೇಲೆ ರತ್ನಗಂಬಳಿ ಹಾಸಿದೆವು. ಗಂಗಕ್ಕ ಅತ್ತೆಯ ಕೈ ಹಿಡಿದರು. ಅಜ್ಜಿ ಕಾಲಿಗೆ ಮುಂಚೆ ಕೈ ಇಳಿಸಿ ತಡವಿದರು. ಬೆರಳು ಮೃದುವಿನಲ್ಲಿ ಹುದುಗಿದ್ದೇ ತಡ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡು, ಎರಡೂ ಕಾಲನ್ನು ಮಂಚದ ಮೇಲಕ್ಕೆ ಎಳೆದುಕೊಂಡರು.

"ಇದು ಅಯ್ಯನೋರಿಗೆ ಹಾಸೋದಲ್ಲೇನೇ ಗಂಗಾ? ಇದರ ಮೇಲೆ ನಾನು ಕಾಲಿಡ್ಲಾ?"

ಗಂಗಕ್ಕನ ಮುಖ ಬಿಳಿಚಿತು. ಅವರ ಮನೆತನದಲ್ಲಿ ಪಾದಪೂಜೆಗೆ ಮಠದ ಅಯ್ಯನವರು ಬಂದಾಗ ಮಾತ್ರ ರತ್ನಗಂಬಳಿ ಬಿಚ್ಚುತ್ತಿದ್ದರು. ಅಯ್ಯನವರು ಅದರ ಮೇಲೆ ಕೂರುವರು, ಮನೆಯವರು ಅಂಚು ಮುಟ್ಟಿ ನಮಸ್ಕಾರ ಮಾಡುವರು. ತುಳಿಯುವ ಮಾತೇ ಇಲ್ಲ. ಇದೆಲ್ಲ ಸೊಸೆಗೆ ಗೊತ್ತಿಲ್ಲದ್ದಲ್ಲ. ಆದರೆ ಆರಿಸಿದ್ದು ಕಾಲು ತಾನೇ. ಮೆತ್ತಗಿದೆ ಎಂದು ಅದಕ್ಕೆ ತಿಳಿಯಿತು, ಯಾರ ಆಸನ ಎಂದು ತಿಳಿಯಲಿಲ್ಲ. ಬಂಗಲೆಯ ಸುಖದಲ್ಲಿ ಗಂಗಕ್ಕ ಆಯನೂರನ್ನೇ ಮರೆತಿದ್ದರು.

ಮಗ ಹೇಳಿದರೂ ಅಜ್ಜಿ ಕೇಳಲಿಲ್ಲ. ಮೊದಲು ಹೆದರಿಕೆಯೊಂದೇ ಇತ್ತು, ಈಗ ಅದರ ಜೊತೆಗೆ ಪಾಪವೂ ಸೇರಿತು. ಕಾಲು ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಗಂಗಕ್ಕ ನಮ್ಮ ಅಡುಗೆಮನೆಗೆ ಬಂದು, ತಾನೇ ಅವರನ್ನು ಕಟ್ಟಿಹಾಕಿದ ಹಾಗಾಯಿತಲ್ಲ ಎಂದು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕೊನೆಗೊಂದು ಬೆಳಿಗ್ಗೆ ರತ್ನಗಂಬಳಿಯನ್ನು ಸುತ್ತಿ ಪೆಟ್ಟಿಗೆಯ ಮೇಲಿಡಲು ಒಳಗೆ ಹೋದರು. ಅಡಿಯ ಕಂಬಳಿ ನೆಲದ ಮೇಲೇ ಉಳಿದಿತ್ತು. ನಾನು ಮಜ್ಜಿಗೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದೆ. ಹಿತ್ತಲ ಬಿಸಿಲು ಕಂಬಳಿಗೆ ತಾಗಿ ಕುರಿಯುಣ್ಣೆಯ ವಾಸನೆ ಮನೆಯಲ್ಲೆಲ್ಲ ಎದ್ದಿತ್ತು. ಅಜ್ಜಿ ಮೂಗೆತ್ತಿ ಅದನ್ನು ಎಳೆದುಕೊಂಡರು. "ಯಾರು ಕಂಬಳಿ ಹಾಸಿದ್ದು?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡು, ಒಂದು ಕಾಲು ಇಳಿಸಿದರು. ಆಮೇಲೆ ಇನ್ನೊಂದು. ಗೋಡೆಗೆ ಕೈ ಕೊಟ್ಟು ಎದ್ದರು. ಕಣದಲ್ಲಿ ರಾಶಿ ಕಾಯಲು ಹೊರಟವರ ಹಾಗೆ, ನಿಧಾನವಾಗಿ, ಹಿತ್ತಲ ಬಾಗಿಲವರೆಗೆ ನಡೆದರು. ಒಳಗಿನಿಂದ ಬಂದ ಗಂಗಕ್ಕ ಹೊಸಿಲಲ್ಲೇ ನಿಂತರು. ಆ ದಿನ ಮಾತ್ರ ಅವರು ಕಣ್ಣು ಮುಚ್ಚಲಿಲ್ಲ.

ಅಜ್ಜಿ ಆಮೇಲೆ ಕೆಲವು ವರ್ಷ ಇದ್ದರು. ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಮಂಚಕ್ಕೆ, ದಿನವೂ ಅದೇ ಕಂಬಳಿಯ ಮೇಲೆ ಓಡಾಟ. ತೀರಿಕೊಂಡಾಗ, ಅವರ ಪದ್ಧತಿಯಂತೆ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಬೇಕಾಗಿತ್ತು. ಗಂಗಕ್ಕ ಪೆಟ್ಟಿಗೆಯ ಮೇಲಿಂದ ರತ್ನಗಂಬಳಿ ಇಳಿಸಿ ತಂದು ಹಾಸಿದರು. "ಈಗ ಕೂತ್ಕೊಳ್ಳಿ ಅತ್ತೆ," ಎಂದರು. ಅದನ್ನು ಆಮೇಲೆ ಊರಿನ ಮಠಕ್ಕೆ ಕೊಟ್ಟುಬಿಟ್ಟರು.

ನಮಗೆ ವರ್ಗವಾಯಿತು. ಅರವತ್ತರ ದಶಕದ ಕೊನೆಯಲ್ಲಿ ಒಮ್ಮೆ ಅವರನ್ನು ನೋಡಲೆಂದೇ ಭದ್ರಾವತಿಗೆ ಹೋದೆ. ಅದೇ ಕೊನೆಯ ಭೇಟಿ. ಬಾಗಿಲು ತೆಗೆದ ಗಂಗಕ್ಕ ತಲೆ ಬಗ್ಗಿಸಿ, ಪ್ರತಿ ಹೆಜ್ಜೆಯನ್ನೂ ನೋಡಿಕೊಂಡು ನಡೆಯುತ್ತಿದ್ದರು. ಸಕ್ಕರೆ ಕಾಯಿಲೆ.

"ಕಾಲಿಗೆ ಏನೂ ಗೊತ್ತಾಗಲ್ಲ ಸರೋಜ. ನೆಲ ಇದೆ ಅಂತ ಕಣ್ಣು ಹೇಳಿದ್ರೆ ನಂಬ್ಕೊಂಡು ನಡೀತೀನಿ," ಎಂದು ನಕ್ಕರು. ಊಟವಾಯಿತು, ಹಳೆಯ ಮಾತೆಲ್ಲ ಆಯಿತು. ನಡುಮನೆಯಲ್ಲಿ ಆ ಕಂಬಳಿ ಇನ್ನೂ ಹಾಸಿಯೇ ಇತ್ತು. ನಾನು ಹೊರಡುವ ಹೊತ್ತಿಗೆ ಒಂದು ಕೆಲಸ ಹೇಳಿದರು: "ಕಣ್ಣು ಮುಚ್ಕೊಂಡು ಅದರ ಮೇಲೆ ಒಂದು ಸಲ ನಡಿ. ಹೆಂಗಿದೆ ನಂಗೆ ಹೇಳು."

ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡು ಬಂದೆ. ಕಣ್ಣು ಮುಚ್ಚಿ ನಡೆದೆ. ಒರಟಾಗಿದೆ ಎಂದೆ. ಇಲ್ಲಿ ಬೆಚ್ಚಗಿದೆ, ಬಿಸಿಲು ಬಿದ್ದಿರಬೇಕು ಎಂದೆ. ಹಿತ್ತಲ ಬಾಗಿಲ ಬಳಿ ಪಾದಕ್ಕೆ ಉಣ್ಣೆಯೇ ಸಿಗಲಿಲ್ಲ. ಬಟ್ಟೆಯಷ್ಟು ತೆಳುವಾಗಿ, ಅಡಿಯ ಸಿಮೆಂಟಿನ ತಂಪು ತಾಗಿತು.

"ಇಲ್ಲಿ ಸವೆದುಹೋಗಿದೆ ಗಂಗಕ್ಕ."

"ಅಲ್ಲೇ ನಮ್ಮತ್ತೆ ಹಿಂದಕ್ಕೆ ತಿರುಗ್ತಿದ್ದಿದ್ದು," ಎಂದಿತು ಅವರ ದನಿ. "ಬಸ್ಸಿಗೆ ಇನ್ನೂ ಹೊತ್ತಿದೆಯಲ್ಲ. ಅಲ್ಲೇ ಒಂಚೂರು ನಿಂತ್ಕೋ."

ನಾನು ನಿಂತೆ.